ನೀರು, ಅದಿರು ಮತ್ತು ದೂರದ ಮಾರುಕಟ್ಟೆ

ಹಾಸನ ಜಿಲ್ಲೆಯ ಗೊರೂರು ಹೇಮಾವತಿಯ ದಂಡೆಯ ಮೇಲಿರುವ ಊರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರೆಹಗಳ ಮೂಲಕ ಅದು ಕನ್ನಡಿಗರೆಲ್ಲರಿಗೂ ಪರಿಚಿತವಾಯಿತು. ಅದೇ ಊರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಉದ್ದ 4,692 ಮೀಟರು, ಎತ್ತರ 58.5 ಮೀಟರು. ಜಲಾಶಯವು ತುಂಬಿದಾಗ ಸುಮಾರು 37 ಟಿ.ಎಂ.ಸಿ., ಎಂದರೆ 3,700 ಕೋಟಿ ಘನ ಅಡಿ ನೀರು ಅಲ್ಲಿ ನಿಲ್ಲುತ್ತದೆ. ಆ ನೀರು ಕಾಲುವೆಗಳ ಮೂಲಕ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳನ್ನು ಸೇರುತ್ತದೆ.

1979ನೆಯ ಇಸವಿಯು ಇನ್ನೆರಡು ಘಟನೆಗಳಿಂದಲೂ ಕರ್ನಾಟಕಕ್ಕೆ ಗಮನಾರ್ಹವಾದುದು. ಹಾಸನದಿಂದ ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರನ್ನು ಮುಟ್ಟುವ ರೈಲುಮಾರ್ಗವು ಆ ವರ್ಷ ಸಂಚಾರಕ್ಕೆ ತೆರೆಯಿತು. ಎರಡನೆಯ ಘಟನೆ ನಡೆದುದು ಸಮುದ್ರದಾಚೆಯ ಇರಾನ್ ದೇಶದಲ್ಲಿ. ಅಲ್ಲಿಯ ದೊರೆಯಾದ ಷಾ ಜನವರಿ ತಿಂಗಳಲ್ಲಿ ದೇಶವನ್ನು ಬಿಟ್ಟು ತೆರಳಬೇಕಾಯಿತು. ಕ್ರಾಂತಿಕಾರರು ಅಧಿಕಾರವನ್ನು ವಹಿಸಿಕೊಂಡರು. ಇರಾನಿನ ಕ್ರಾಂತಿಗೂ ನಮ್ಮ ಮಲೆನಾಡಿಗೂ ಏನು ಸಂಬಂಧವೆಂದು ಅನ್ನಿಸುವುದು ಸಹಜ. ಆ ಸಂಬಂಧವನ್ನು ತಿಳಿದರೆ, ಒಂದು ನಾಡಿನ ಪ್ರಕೃತಿ ಸಂಪತ್ತು ಲೋಕದ ಆರ್ಥಿಕ ಶಕ್ತಿಗಳ ಏರಿಳಿತಕ್ಕೆ ಹೇಗೆ ಸಿಲುಕುತ್ತದೆ ಎಂಬುದು ಮನದಟ್ಟಾಗುತ್ತದೆ.

ಹೇಮಾವತಿಯು ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸಮೀಪದಲ್ಲಿ. ಅದೇ ಸಹ್ಯಾದ್ರಿಯ ಸಾಲಿನಲ್ಲಿ, ಅಲ್ಲಿಂದ ಬಹುದೂರವಲ್ಲದ ಕಡೆ ಕುದುರೆಮುಖ ಪರ್ವತವಿದೆ. ಅಲ್ಲಿ ಕಬ್ಬಿಣದ ಅದಿರು ಇದೆಯೆಂಬುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಗುರುತಿಸಿದ್ದರು. ಆದರೆ ಅರುವತ್ತು ವರ್ಷಗಳಿಗೂ ಮೀರಿ ಆ ಅದಿರು ನೆಲದಲ್ಲಿಯೇ ಉಳಿಯಿತು. ಅದರಲ್ಲಿ ಕಬ್ಬಿಣದ ಅಂಶ ಶೇಕಡ 38ರಷ್ಟು ಮಾತ್ರ. ಅದನ್ನು ಹಿಟ್ಟಿನಂತೆ ಅರೆದು, ಕಲ್ಲಿನ ಭಾಗವನ್ನು ಬೇರ್ಪಡಿಸಿ, ಶೇಕಡ 67ರಷ್ಟು ಕಬ್ಬಿಣವುಳ್ಳ ಸಾರವನ್ನಾಗಿ ಮಾಡಿದಲ್ಲದೆ ಅದಕ್ಕೆ ಬೆಲೆಯಿಲ್ಲ. ಇದಕ್ಕೆ ಅಪಾರವಾದ ನೀರು, ವಿದ್ಯುತ್ತು, ಯಂತ್ರಗಳು ಬೇಕು. ಸರಕನ್ನು ಸಾಗಿಸಲು ಬಂದರು ಬೇಕು. ನವಮಂಗಳೂರು ಬಂದರು ಕಾರ್ಯಾರಂಭ ಮಾಡಿದುದೇ 1974ರಲ್ಲಿ. ನೆಲದೊಳಗಿನ ಖನಿಜವು ತನ್ನಷ್ಟಕ್ಕೆ ತಾನೇ ಸಂಪತ್ತಾಗುವುದಿಲ್ಲ. ಬಂಡವಾಳ, ವಿದ್ಯೆ, ದುಡಿಮೆ, ಸಾರಿಗೆ ಇವು ಕೂಡಿಬಂದಾಗ ಅದು ಸಂಪತ್ತಾಗುತ್ತದೆ.

ಈ ಬಂಡವಾಳವು ಅನಿರೀಕ್ಷಿತವಾದ ದಿಕ್ಕಿನಿಂದ ಒದಗಿತು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಯಿತು. ಅದುವರೆಗೆ ಬ್ಯಾರಲ್ಲೊಂದಕ್ಕೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಬೆಲೆ ಮರುವರ್ಷದ ಆರಂಭದಲ್ಲಿ 12 ಡಾಲರುಗಳ ಸಮೀಪಕ್ಕೇರಿತು. ತೈಲವನ್ನು ಕೊಳ್ಳುವ ಭಾರತದಂತಹ ದೇಶಗಳು ಕಂಗೆಟ್ಟವು; ಮಾರುವ ಇರಾನಿನಂತಹ ದೇಶಗಳಲ್ಲಿ ಹಣದ ಹೊಳೆ ಹರಿಯಿತು. ತೈಲವು ಬತ್ತುವ ಮುನ್ನ ತನ್ನ ದೇಶದಲ್ಲಿ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಬೇಕೆಂಬುದು ಷಾನ ಹಂಬಲ. ಅದಕ್ಕೆ ಅದಿರು ಬೇಕಾಗಿತ್ತು. 1975ರಲ್ಲಿ ಭಾರತಕ್ಕೂ ಇರಾನಿಗೂ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರುಗಳ ಸಾಲವನ್ನು ಕೊಡುವುದೆಂದೂ, ಭಾರತವು ವರ್ಷಕ್ಕೆ 75 ಲಕ್ಷ ಟನ್ನುಗಳಂತೆ ಅದಿರಿನ ಸಾರವನ್ನು ಇರಾನಿಗೆ ಒದಗಿಸುವುದೆಂದೂ ನಿಶ್ಚಯವಾಯಿತು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪನೆಯಾಯಿತು.

ಮಳೆ ಸುರಿಯುವ ದಟ್ಟ ಕಾಡಿನ ನಡುವೆ ಕೆಲವೇ ವರ್ಷಗಳಲ್ಲಿ ಗಣಿ, ಕಾರ್ಖಾನೆ, ಹೊಸ ಊರು ಎದ್ದುನಿಂತವು. ಅರೆದು ಉಳಿದ ಕಸದ ಕೆಸರನ್ನು ತಡೆದು ನಿಲ್ಲಿಸಲು ಲಕ್ಯಾ ಹೊಳೆಗೆ ಕಟ್ಟೆಯನ್ನು ಕಟ್ಟಿದರು. ಅದಿರಿನ ಸಾರವನ್ನು ನೀರಿನೊಡನೆ ಬೆರೆಸಿ, 67 ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಘಟ್ಟದಿಂದ ಮಂಗಳೂರಿನ ಬಂದರಿಗೆ ಇಳಿಸುವ ಏರ್ಪಾಡಾಯಿತು. ನಮ್ಮ ಎಂಜಿನಿಯರುಗಳೂ ಕಾರ್ಮಿಕರೂ 1980ರ ವೇಳೆಗೆ ಕಾರ್ಯವನ್ನು ಸಿದ್ಧಿಗೆ ತಂದರು. ಆದರೆ ಅಷ್ಟರಲ್ಲಿ ಕೊಳ್ಳುವವನೇ ಇಲ್ಲವಾಗಿದ್ದನು. ಕ್ರಾಂತಿಯ ಬಳಿಕ ಇರಾನಿನಿಂದ ಬರಬೇಕಾದ ಸಾಲದ ಹಣವು ನಡುವೆಯೇ ನಿಂತಿತು. ಉಳಿದ ವೆಚ್ಚವನ್ನು ಭಾರತ ಸರ್ಕಾರವೇ ಹೊರಬೇಕಾಯಿತು. ಅದಿರನ್ನು ಒಯ್ಯಲು ಇರಾನಿನ ಹಡಗುಗಳೂ ಬರಲಿಲ್ಲ.

ಹಾಗಾದರೆ ಬೇರೆ ದೇಶಗಳಿಗೆ ಮಾರಬಹುದಾಗಿತ್ತಲ್ಲವೇ? ಅದು ಅಷ್ಟು ಸುಲಭವಾಗಿರಲಿಲ್ಲ. ಉಕ್ಕಿನ ಕಾರ್ಖಾನೆಗಳು ತಮಗೆ ಬೇಕಾದ ಅದಿರಿಗೆ ಹಲವು ವರ್ಷಗಳ ಮುಂಚೆಯೇ ಕರಾರು ಮಾಡಿಕೊಂಡಿರುತ್ತವೆ. ಅಲ್ಲದೆ ಕುದುರೆಮುಖದ ಸರಕು ನುಣ್ಣನೆಯ ಪುಡಿ. ಅದನ್ನು ಹಾಗೆಯೇ ಊದುಕುಲುಮೆಗೆ ಸುರಿದರೆ ಬಿಸಿಗಾಳಿಯಾಡಲು ಸಂದು ಇರುವುದಿಲ್ಲ. ಪುಡಿಯನ್ನು ಸಣ್ಣ ಉಂಡೆಗಳನ್ನಾಗಿ ಕಟ್ಟಿ ಸುಟ್ಟು ಗಟ್ಟಿಮಾಡಬೇಕು. ಈ ಉಂಡೆಗಳಿಗೆ ಪೆಲೆಟ್ ಎಂದು ಹೆಸರು. ವರ್ಷಕ್ಕೆ 30 ಲಕ್ಷ ಟನ್ ಪೆಲೆಟ್ ತಯಾರಿಸುವ ಕಾರ್ಖಾನೆ 1987ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಚೀನ, ಜಪಾನ್ ಮೊದಲಾದ ದೇಶಗಳು ಗಿರಾಕಿಗಳಾದವು. ಪುಡಿಯನ್ನು ಉಂಡೆಮಾಡುವ ಒಂದು ಹೆಚ್ಚಿನ ಹಂತವನ್ನು ನಮ್ಮ ನೆಲದಲ್ಲಿಯೇ ನಡೆಸಿದುದರಿಂದ, ಒಬ್ಬನೇ ಗಿರಾಕಿಯನ್ನು ನೆಚ್ಚಿದ್ದ ಕಂಪನಿಗೆ ಹಲವರಲ್ಲಿ ಆಯ್ದುಕೊಳ್ಳುವ ಸ್ವಾತಂತ್ರ್ಯವು ದೊರೆಯಿತು.

ಈ ಪಾಠವು ಕರ್ನಾಟಕಕ್ಕೆ ಹೊಸದೇನೂ ಆಗಿರಲಿಲ್ಲ. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಮೊದಲಲ್ಲಿ ಇದ್ದಿಲಿನಿಂದ ಕರಗಿಸಿದ ಬೀಡುಕಬ್ಬಿಣವನ್ನು ಅಮೆರಿಕದ ಮಾರುಕಟ್ಟೆಗೆ ಕಳುಹಿಸುವ ಭರವಸೆಯನ್ನಿಟ್ಟುಕೊಂಡಿತ್ತು. ಅಲ್ಲಿ ಬೆಲೆ ಕುಸಿದಾಗ ಕಾರ್ಖಾನೆಯನ್ನು ಮುಚ್ಚಬೇಕೆಂಬ ಮಾತುಗಳು ಕೇಳಿಬಂದವು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆಯನ್ನು ಹೊತ್ತು ಅದನ್ನು ಉಳಿಸಿದರು. ಮುಂದೆ ಅಲ್ಲಿ ಕೊಳವೆಗಳ ಎರಕ, 1936ರಲ್ಲಿ ಉಕ್ಕು, ಅನಂತರ ಸಿಮೆಂಟು ತಯಾರಾದವು. ಇವನ್ನು ಕೊಳ್ಳುವವರು ನಮ್ಮ ದೇಶದಲ್ಲಿಯೇ ಇದ್ದರು.

ಲೋಕದ ಶಕ್ತಿಕೇಂದ್ರವು ಮತ್ತೊಮ್ಮೆ ಸ್ಥಳಾಂತರಗೊಂಡುದನ್ನು ಈ ಶತಮಾನದ ಮೊದಲ ವರ್ಷಗಳು ಕಂಡವು. 2000ದಲ್ಲಿ ಸುಮಾರು 13 ಕೋಟಿ ಟನ್ನುಗಳಷ್ಟಿದ್ದ ಚೀನದ ಉಕ್ಕಿನ ಉತ್ಪಾದನೆಯು 2008ರಲ್ಲಿ 50 ಕೋಟಿ ಟನ್ನುಗಳನ್ನು ಮೀರಿತು. ಅದಿರಿನ ಬೆಲೆ ಗಗನಕ್ಕೇರಿ, ಬಳ್ಳಾರಿಯ ಬೆಟ್ಟಗಳು ಲಾರಿಗಳನ್ನೇರಿ ಬಂದರುಗಳತ್ತ ಸಾಗಿದವು. ಅಕ್ರಮವು ಮಿತಿಮೀರಿದಾಗ ರಾಜ್ಯ ಸರ್ಕಾರವು 2010ರಲ್ಲಿ ಅದಿರಿನ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಗೇ ತಡೆಯೊಡ್ಡಿತು. ಕುದುರೆಮುಖದ ಗಣಿಯು ಅದಕ್ಕೂ ಮೊದಲೇ ಮುಚ್ಚಿತ್ತು. ಅಲ್ಲಿಯ ಕಾಡು ತುಂಗಾ, ಭದ್ರಾ, ನೇತ್ರಾವತಿ ನದಿಗಳ ತವರು. ಗಣಿಯ ಕೆಸರು ಭದ್ರೆಯನ್ನು ಸೇರುತ್ತಿದೆಯೆಂಬ ದೂರು ನ್ಯಾಯಾಲಯದವರೆಗೆ ಹೋಗಿ, 2005ರ ಕೊನೆಗೆ ಗಣಿಯ ಕೆಲಸ ನಿಂತಿತು. ಗಣಿಯನ್ನೇ ನಂಬಿ ಬೆಳೆದಿದ್ದ ಊರು ಬರಿದಾಯಿತು.

ಈಗ ಗೊರೂರಿನ ಅಣೆಕಟ್ಟನ್ನು ಇದರೊಡನೆ ಹೋಲಿಸಿ ನೋಡಬಹುದು. ಕಾವೇರಿ ನೀರಿನ ಹಂಚಿಕೆಯ ವಿವಾದದ ಕಾರಣ ಆ ಯೋಜನೆಗೆ ಕೇಂದ್ರದ ಯೋಜನಾ ಆಯೋಗದ ಒಪ್ಪಿಗೆಯು ದೊರೆಯಲಿಲ್ಲ. ರಾಜ್ಯವು ತನ್ನ ಸ್ವಂತ ಹಣದಿಂದ ಅದನ್ನು ಕಟ್ಟಿತು. ಅದರ ನೀರನ್ನು ಬಳಸುವವರು ನೆರೆಯ ತಾಲ್ಲೂಕುಗಳ ರೈತರು. ಯಾವ ದೂರದೇಶದ ಸಿಂಹಾಸನವು ಉರುಳಿದರೂ ಆ ಗದ್ದೆಗಳಿಗೆ ನೀರು ಬೇಡವಾಗುವುದಿಲ್ಲ. ಅದಿರು ಒಮ್ಮೆ ಅಗೆದರೆ ಮುಗಿಯಿತು; ನೀರಾದರೋ ಮಳೆಯೊಡನೆ ಮರಳಿ ಬರುತ್ತದೆ. ಆದರೆ ಇದಕ್ಕೂ ಬೆಲೆ ತೆತ್ತವರಿದ್ದಾರೆ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಜಲಾಶಯವು ತುಂಬಿದಾಗ ಇಂದಿಗೂ ಅರೆಮುಳುಗಿ ನಿಲ್ಲುತ್ತದೆ. ಮನೆ, ಹೊಲಗಳನ್ನು ಬಿಟ್ಟವರು ಒಂದು ಕಡೆಯವರು; ಕಾಲುವೆಯ ನೀರನ್ನು ಪಡೆದವರಲ್ಲಿ ಬಹುಮಂದಿ ಇನ್ನೊಂದು ಕಡೆಯವರು. ನಾಡಿನ ಏಳಿಗೆಯ ಲೆಕ್ಕವನ್ನು ಬರೆಯುವಾಗ ಈ ಋಣವನ್ನೂ ಬರೆಯಬೇಕಾಗುತ್ತದೆ. ಕಾವೇರಿ ಕಣಿವೆಯ ನೀರಿನಲ್ಲಿ ಕರ್ನಾಟಕದ ಪಾಲು 284.75 ಟಿ.ಎಂ.ಸಿ. ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದುದರಿಂದ ಹೇಮಾವತಿಯ ನೀರೂ ಅಳತೆಗೊಳಪಟ್ಟ ಸಂಪತ್ತೇ ಆಗಿದೆ.

ಹೇಮಾವತಿಯು ಕಾವೇರಿಯನ್ನು ಕೂಡಿಕೊಂಡು ಮುಂದೆ ಹರಿಯುವ ಮಂಡ್ಯ ಜಿಲ್ಲೆಯಲ್ಲಿ, ಮರಳಗಾಲ ಪ್ರದೇಶದ ಬಂಡೆಗಳಲ್ಲಿ ಲಿಥಿಯಂ ಎಂಬ ಲೋಹವಿರುವುದನ್ನು ಇತ್ತೀಚೆಗೆ ಪತ್ತೆಹಚ್ಚಿದ್ದಾರೆ. ಅದರ ಅಂದಾಜು 1,600 ಟನ್ನುಗಳು. ಲೋಕದ ಪ್ರಮಾಣದಲ್ಲಿ ಅದು ಅಲ್ಪವೇ. ಆದರೂ ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಈ ಲೋಹಕ್ಕಾಗಿ ಇಂದು ಬಲಿಷ್ಠ ರಾಷ್ಟ್ರಗಳು ಪೈಪೋಟಿ ನಡೆಸಿವೆ. ಇದನ್ನು ಅತಿ ಹೆಚ್ಚಾಗಿ ಅಗೆಯುವ ದೇಶ ಆಸ್ಟ್ರೇಲಿಯ. ಆದರೆ ಲೋಕದ ಲಿಥಿಯಂನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಶುದ್ಧೀಕರಿಸುವ ದೇಶ ಚೀನ. ಬ್ಯಾಟರಿಯ ಮಾರುಕಟ್ಟೆಯಲ್ಲಿ ಮೇಲುಗೈ ಇರುವುದು ಅಗೆಯುವವನಿಗಲ್ಲ, ಶುದ್ಧೀಕರಿಸಿ ಪದಾರ್ಥವನ್ನು ತಯಾರಿಸುವವನಿಗೆ. ಕುದುರೆಮುಖವೂ ಭದ್ರಾವತಿಯೂ ನಮಗೆ ಮೊದಲೇ ತಿಳಿಸಿದ್ದು ಇದನ್ನೇ.

ಮುಂದೆ ನಮ್ಮ ನಾಡಿನಲ್ಲಿ ಗಣಿಯೋ ಅಣೆಕಟ್ಟೋ ಕಾರ್ಖಾನೆಯೋ ತಲೆಯೆತ್ತುವಾಗ, ಅದರಿಂದ ಹುಟ್ಟುವ ಸರಕನ್ನು ಕೊಳ್ಳುವವರಾರು, ಅದನ್ನು ಪರಿಪೂರ್ಣಗೊಳಿಸುವ ವಿದ್ಯೆ ಯಾರಲ್ಲಿದೆ, ಅದಕ್ಕಾಗಿ ನೆಲೆ ಕಳೆದುಕೊಳ್ಳುವವರಾರು, ಗಣಿ ಬರಿದಾದ ಮೇಲೆ ಅಲ್ಲಿಯ ಜನರಿಗೆ ಉಳಿಯುವುದೇನು ಎಂದು ವಿಚಾರಿಸುವುದು ಆಳುವವರ ಕರ್ತವ್ಯ. ಅವರಿಂದ ಉತ್ತರವನ್ನು ಕೇಳುವುದು ಪ್ರಜೆಗಳ ಕರ್ತವ್ಯ. ಹೇಮಾವತಿಗೆ ನೀರುಣಿಸುವ ಸಹ್ಯಾದ್ರಿಯ ಕಾಡು ಉಳಿದರೆ ಗೊರೂರಿನ ಜಲಾಶಯವು ಮುಂದಿನ ತಲೆಮಾರಿಗೂ ತುಂಬೀತು.