ಇಂಧನದ ಉಳಿತಾಯ, ಪ್ರಾಣದ ಉಳಿವು

ಕಾರು ಕೊಳ್ಳಲು ಹೊರಟ ನಮ್ಮ ಮಧ್ಯಮ ವರ್ಗದ ಗೃಹಸ್ಥ ಮಳಿಗೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಮೈಲೇಜ್ ಎಷ್ಟು?’ ಎಂಬುದು. ‘ಏರ್‌ಬ್ಯಾಗ್ ಎಷ್ಟಿವೆ?’ ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಅದರ ಬೆನ್ನಿಗೆ ಬಂದು ನಿಂತಿದೆ. ಇವೆರಡಕ್ಕೂ ಉತ್ತರ ಕಂಪೆನಿಯ ಕೈಪಿಡಿಯಲ್ಲಿದೆ ಎಂದು ನಾವು ನಂಬಿದ್ದೇವೆ. ವಾಸ್ತವದಲ್ಲಿ ಎರಡರ ಉತ್ತರವೂ ಬಹುಮಟ್ಟಿಗೆ ಚಾಲಕನ ಬಲಗಾಲಿನಲ್ಲಿದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಸತ್ತರು. ಕರ್ನಾಟಕವೊಂದರಲ್ಲೇ ಸತ್ತವರು 11 ಸಾವಿರಕ್ಕೂ ಹೆಚ್ಚು. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಇನ್ನೊಂದೆಡೆ, ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಆಮದಿನದು. ಸರ್ಕಾರಿ ವ್ಯವಸ್ಥೆಯಲ್ಲಿ ಈ ಎರಡು ಸಂಗತಿಗಳು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಡತಗಳಲ್ಲಿ ಇರುತ್ತವೆ. ಅವು ಒಂದೇ ಕಡತಕ್ಕೆ ಸೇರಬೇಕಾದವು ಎಂಬುದು ನನ್ನ ವಾದ.

ಕಾರಣ ಸರಳ. ಬ್ರೇಕ್ ಒತ್ತಿದಾಗಲೆಲ್ಲ ನಾವು ಹಣ ಕೊಟ್ಟು ಕೊಂಡ ಪೆಟ್ರೋಲಿನ ಶಕ್ತಿ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಮುಂದಿನ ಸಿಗ್ನಲ್ ಕೆಂಪಾಗಿರುವುದನ್ನು ದೂರದಿಂದಲೇ ಗಮನಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆಯುವವನಿಗೆ ಬ್ರೇಕಿನ ಅಗತ್ಯವೇ ಕಡಿಮೆ. ಅಡ್ಡ ಬರುವ ಮಗುವನ್ನೋ ದನವನ್ನೋ ಸಕಾಲದಲ್ಲಿ ಕಾಣುವವನೂ ಆತನೇ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 800 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಎಂಬತ್ತು ಸಾವಿರ. ಅದರಲ್ಲಿ ಹತ್ತನೆಯ ಒಂದು ಪಾಲು ಉಳಿದರೂ ಎಂಟು ಸಾವಿರ ರೂಪಾಯಿ ಕೈಯಲ್ಲಿರುತ್ತದೆ.

ವೇಗದ ಲೆಕ್ಕವನ್ನು ಇನ್ನಷ್ಟು ನಿಷ್ಠುರವಾಗಿ ಮಾಡಬೇಕು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಆರಂಭದ ತಿಂಗಳುಗಳಲ್ಲೇ ಅಲ್ಲಿ ಅಪಘಾತಗಳು ಆತಂಕ ಹುಟ್ಟಿಸುವ ಮಟ್ಟ ತಲುಪಿದವು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು; ಕಾರುಗಳ ವೇಗಕ್ಕೆ ನೂರು ಕಿ.ಮೀ. ಮಿತಿ ಹಾಕಿ ಕ್ಯಾಮೆರಾಗಳ ಕಣ್ಗಾವಲು ಇಡಲಾಯಿತು. ಸುಮಾರು 118 ಕಿ.ಮೀ. ದೂರವನ್ನು ನೂರರ ವೇಗದಲ್ಲಿ ಕ್ರಮಿಸಲು 71 ನಿಮಿಷ ಬೇಕು, ನೂರಿಪ್ಪತ್ತರಲ್ಲಿ 59 ನಿಮಿಷ. ಕಾನೂನು ಮುರಿದು ಗಳಿಸುವುದು ಹನ್ನೆರಡು ನಿಮಿಷ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಶೇ 44ರಷ್ಟು ಹೆಚ್ಚುತ್ತದೆ. ಡಿಕ್ಕಿಯಾದರೆ ದೇಹಗಳ ಮೇಲೆ ಎರಗುವ ಶಕ್ತಿಯೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ನೂರರ ವೇಗದಲ್ಲಿ ಒಣರಸ್ತೆಯಲ್ಲಿ ಕಾರು ನಿಲ್ಲಲು ಸುಮಾರು 80 ಮೀಟರ್ ಬೇಕಾದರೆ, ನೂರಿಪ್ಪತ್ತರಲ್ಲಿ 110 ಮೀಟರಿಗೂ ಹೆಚ್ಚು ಬೇಕು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಸೀಮಾಂತ ಲಾಭಕ್ಕಿಂತ ಸೀಮಾಂತ ವೆಚ್ಚ ಬಹಳ ದೊಡ್ಡದು. ಗಳಿಸಿದ ಆ ಹನ್ನೆರಡು ನಿಮಿಷಗಳನ್ನು ನಾವು ಕೆಂಗೇರಿಯ ವಾಹನ ದಟ್ಟಣೆಗೆ ಒಪ್ಪಿಸಿಬಿಡುತ್ತೇವೆ ಎಂಬುದು ಬೇರೆ ಮಾತು.

ಉಳಿತಾಯದ ಹೆಸರಿನಲ್ಲಿ ನಡೆಯುವ ಅಪಾಯಕಾರಿ ಅಭ್ಯಾಸವೊಂದಿದೆ. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕೆಲವೊಮ್ಮೆ ಎಂಜಿನನ್ನೇ ನಿಲ್ಲಿಸಿ ಜಾರಿಕೊಂಡು ಹೋಗುವುದು. ಸೇವೆಯಲ್ಲಿದ್ದಾಗ ಚಾರ್ಮಾಡಿ, ಶಿರಾಡಿ ಘಟ್ಟಗಳನ್ನು ಇಲಾಖೆಯ ಜೀಪಿನಲ್ಲಿ ಎಷ್ಟೋ ಬಾರಿ ಏರಿಳಿದಿದ್ದೇನೆ. ಹೆಚ್ಚು ಓದದ, ಆದರೆ ಘಟ್ಟವನ್ನು ಅಂಗೈಯಂತೆ ಬಲ್ಲ ಹಿರಿಯ ಚಾಲಕರೊಬ್ಬರು ಹೇಳುತ್ತಿದ್ದ ಮಾತು ಈಗಲೂ ನೆನಪಿದೆ: ‘ಯಾವ ಗೇರಲ್ಲಿ ಹತ್ತೀವೋ ಅದೇ ಗೇರಲ್ಲಿ ಇಳೀಬೇಕು ಸಾರ್.’ ಗೇರಿನಲ್ಲಿದ್ದರೆ ಎಂಜಿನ್ ತಾನೇ ಕಾರನ್ನು ಹಿಡಿದಿಡುತ್ತದೆ. ಇಲ್ಲವಾದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಕೊನೆಯ ತಿರುವಿನಲ್ಲಿ ಕೈಕೊಡುತ್ತದೆ. ಎಂಜಿನ್ ನಿಂತರಂತೂ ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ಯಂತ್ರದ ನೆರವು ತಪ್ಪಿ ಎರಡೂ ಬಿಗಿಯಾಗುತ್ತವೆ.

ಇದರಲ್ಲಿ ಉಳಿತಾಯವಾದರೂ ಇದೆಯೇ ಎಂದರೆ ಅದೂ ಇಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಅಲ್ಪಸ್ವಲ್ಪ ಉಳಿಯುತ್ತಿತ್ತೇನೋ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಂತೆ ನೋಡಿಕೊಳ್ಳಲು ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಅಂದರೆ ಪ್ರಾಣವನ್ನು ಪಣಕ್ಕಿಟ್ಟು ಇಂಧನವನ್ನು ಹೆಚ್ಚು ಸುಟ್ಟಂತಾಯಿತು.

ಇನ್ನು ಋತುಮಾನಗಳ ಮಾತು. ಬೇಸಿಗೆಯಲ್ಲಿ ಟಯರಿನ ಗಾಳಿಯೇ ಮುಖ್ಯ. ಗಾಳಿ ಕಡಿಮೆಯಿದ್ದರೆ ಟಯರು ಹೆಚ್ಚು ಬಾಗಿ, ಒಳಗೊಳಗೇ ಕಾದು, ಕಾದ ರಸ್ತೆಯಲ್ಲಿ ಸಿಡಿಯುತ್ತದೆ. ಉರುಳಲು ಹೆಚ್ಚು ಶಕ್ತಿ ಬೇಡಿ ಇಂಧನವನ್ನೂ ತಿನ್ನುತ್ತದೆ. ‘ಬೇಸಿಗೆ, ಸ್ವಲ್ಪ ಗಾಳಿ ಕಮ್ಮಿ ಇರಲಿ’ ಎಂಬ ಜನಪ್ರಿಯ ಸಲಹೆ ಹಾಗಾಗಿ ತಪ್ಪು. ಬೆಳಿಗ್ಗೆ ಟಯರು ತಣ್ಣಗಿರುವಾಗ, ಕಂಪೆನಿ ಸೂಚಿಸಿದ ಪ್ರಮಾಣದಲ್ಲೇ ತುಂಬಿಸಬೇಕು. ಸೂಚಿತ ಪ್ರಮಾಣ ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಐದು ನಿಮಿಷವೂ ಬಿಡಬಾರದು.

ಮಳೆಗಾಲದ ಅಪಾಯ ಮೊದಲ ಮಳೆಯಿಂದಲೇ ಆರಂಭ. ತಿಂಗಳುಗಟ್ಟಲೆ ಶೇಖರವಾದ ಎಣ್ಣೆ, ದೂಳು ನೀರಿನೊಡನೆ ಬೆರೆತು ರಸ್ತೆ ಜಾರುಬಂಡೆಯಾಗುತ್ತದೆ. ಟಯರಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂಬುದು ನಿಯಮ, ಸವೆದ ಟಯರು ನೀರನ್ನು ಹೊರಹಾಕಲಾರದೆ ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. ಮುಂದಿನ ವಾಹನದಿಂದ ಒಣರಸ್ತೆಯಲ್ಲಿ ಎರಡು ಸೆಕೆಂಡುಗಳ ಅಂತರ ಸಾಕೆಂದರೆ ಮಳೆಯಲ್ಲಿ ನಾಲ್ಕು ಬೇಕು. ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ ಓಡಿಸುವ ಅಭ್ಯಾಸವನ್ನು ಬಿಡಬೇಕು. ಅವು ನಿಂತ ವಾಹನದ ಸಂಕೇತ. ಓಡುವಾಗ ಹಾಕಿದರೆ ನಾವು ಯಾವ ಕಡೆ ತಿರುಗುತ್ತೇವೆಂದು ಹಿಂದಿನವರಿಗೆ ತಿಳಿಯುವುದೇ ಇಲ್ಲ.

ನಿಂತ ನೀರನ್ನು ಯಾರೂ ಹಗುರವಾಗಿ ಪರಿಗಣಿಸಬಾರದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ, ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ, ಕಾರಿನೊಳಗೆ ನೀರು ನುಗ್ಗಿ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಮೊಣಕಾಲೆತ್ತರದ ನೀರು ಸಣ್ಣ ಕಾರನ್ನು ನೆಲದಿಂದ ಎತ್ತಬಲ್ಲದು. ಎಂಜಿನ್ ಗಾಳಿಯ ಜತೆ ನೀರನ್ನು ಹೀರಿ ನಿಂತರೆ ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಒಳಗಿನ ಭಾಗಗಳು ಬಾಗಿ ಲಕ್ಷ ರೂಪಾಯಿಯ ದುರಸ್ತಿ ಬರಬಹುದು. ಆಳ ತಿಳಿಯದಿದ್ದರೆ ಹಿಂತಿರುಗುವುದೇ ವಿವೇಕ.

ಚಳಿಗಾಲದ ಶತ್ರು ಮಂಜು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಬಳಿ ಮಂಜು ಮುಸುಕಿದ ಮುಂಜಾನೆ, ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ವಾಹನವೊಂದು ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಲೋಬೀಮ್ ಒಂದೇ ಸರಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಅಲ್ಲಿನ ವೇಗಮಿತಿ. ಬೆಳಗಿನ ಚಳಿಯಲ್ಲಿ ಎಂಜಿನನ್ನು ಐದು ಹತ್ತು ನಿಮಿಷ ನಿಂತಲ್ಲೇ ಕಾಯಿಸುವುದೂ ಈಗಿನ ಕಾರುಗಳಿಗೆ ಅನಗತ್ಯ. ನಿಧಾನವಾಗಿ ಹೊರಟರೆ ಅದು ತಾನಾಗಿ ಬಿಸಿಯೇರುತ್ತದೆ.

ಕಾರುಗಳು ಹಿಂದೆಂದಿಗಿಂತ ಸುರಕ್ಷಿತವಾಗಿವೆಯಲ್ಲ ಎಂಬ ಸಮಾಧಾನ ಕೇಳಿಬರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ ಇದಕ್ಕೆ ಎಚ್ಚರಿಕೆ ನೀಡಿದ್ದರು. ಸುರಕ್ಷತಾ ಸಾಧನಗಳು ಹೆಚ್ಚಿದಂತೆ ಚಾಲಕರು ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ, ಅದರ ಹೊರೆ ಪಾದಚಾರಿಗಳ ಮೇಲೆ ಬೀಳುತ್ತದೆ ಎಂಬುದು ಅವರ ವಾದ. ಅವರ ಲೆಕ್ಕವನ್ನು ಹಲವರು ಒಪ್ಪಿಲ್ಲ, ಸೀಟ್‌ಬೆಲ್ಟ್ ಪ್ರಾಣ ಉಳಿಸುತ್ತದೆ ಎಂಬುದೂ ಸ್ಥಾಪಿತವಾಗಿದೆ. ಆದರೆ ಏರ್‌ಬ್ಯಾಗಿನ ಭರವಸೆಯಲ್ಲಿ ನುಗ್ಗುವವರು ನಮ್ಮ ರಸ್ತೆಗಳಲ್ಲಿ ದಿನನಿತ್ಯ ಕಾಣಸಿಗುತ್ತಾರೆ.

ಬೆಲ್ಟ್ ಧರಿಸದೆ 2022ರಲ್ಲಿ ಸತ್ತವರು 16,715. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪ್ರಯಾಣಿಕರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದಾಗ ಅಪಘಾತದಲ್ಲಿ ಅಸುನೀಗಿದರು. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ ಎಂಬ ಕಾನೂನನ್ನು ನಮ್ಮ ಸುಶಿಕ್ಷಿತ ಕುಟುಂಬಗಳೂ ಪಾಲಿಸುತ್ತಿಲ್ಲ. ಹಿಂದೆ ಕುಳಿತವರ ಹೊಣೆ ಬೆಲ್ಟಿಗೆ ಮುಗಿಯುವುದೂ ಇಲ್ಲ. ಮುಹೂರ್ತಕ್ಕೋ ವಿಮಾನಕ್ಕೋ ತಡವಾಗಿ ಹೊರಟು, ಬಾಡಿಗೆ ಕಾರಿನ ಚಾಲಕನಿಗೆ ‘ಸ್ವಲ್ಪ ಬೇಗ ಹೋಗಪ್ಪಾ’ ಎನ್ನುವವರು ನಾವೇ. ಅಪಘಾತವಾದರೆ ‘ಚಾಲಕನ ಅಜಾಗರೂಕತೆ’ ಎಂದು ದಾಖಲಾಗುತ್ತದೆ. ಅವಸರ ಯಾರದೆಂದು ಯಾವ ದಾಖಲೆಯೂ ಹೇಳುವುದಿಲ್ಲ.

ಗುಂಡಿ ಮುಚ್ಚುವುದು, ಅಂಡರ್‌ಪಾಸ್‌ಗಳ ನೀರು ಹರಿಸುವುದು, ಬಣ್ಣ ಬಳಿಯದ ಉಬ್ಬುಗಳನ್ನು ತೆಗೆಯುವುದು, ಹೆದ್ದಾರಿ ಬದಿ ದೀಪವಿಲ್ಲದೆ ನಿಲ್ಲುವ ಲಾರಿಗಳನ್ನು ಸ್ಥಳಾಂತರಿಸುವುದು ಸರ್ಕಾರದ ಕರ್ತವ್ಯ. ಅದಕ್ಕಾಗಿ ನಾಗರಿಕರು ಒತ್ತಾಯಿಸುತ್ತಲೇ ಇರಬೇಕು. ಆದರೆ ಟಯರಿನ ಗಾಳಿ ನೋಡಲು, ಹಿಂದಿನ ಸೀಟಿನ ಬೆಲ್ಟ್ ಬಿಗಿಯಲು, ಮನೆಯಿಂದ ಹದಿನೈದು ನಿಮಿಷ ಮೊದಲು ಹೊರಡಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.