ಮೌಸ್ ಬಾಣ ಚಿಂದಿಯಾಗಿದೆಯಾ? ಮೌಸ್ ಬದಲಿಸಬೇಡಿ

ಸಂತೇಬೆನ್ನೂರಿನಲ್ಲಿ ಪಹಣಿ ತೆಗೆದುಕೊಡುವ, ಲಗ್ನಪತ್ರಿಕೆ ಟೈಪ್ ಮಾಡುವ ಅಂಗಡಿಯವರೇ, ಇದು ನಿಮಗಾಗಿ.

ಕ್ಲಿಕ್ ಸರಿಯಾಗಿ ಆಗ್ತಿದೆ. ಆದರೆ ಬಾಣ ಇರಬೇಕಾದ ಜಾಗದಲ್ಲಿ ಗೀಚಿದಂತೆ ಒಂದು ಸಣ್ಣ ಚೌಕ. ಹೊಸ ಮೌಸ್ ತರೋಕೆ ಚನ್ನಗಿರಿ ಬಸ್ ಹತ್ತಬೇಡಿ!

ಸಾಮಾನ್ಯವಾಗಿ ಈ ಬಾಣವನ್ನು ಗ್ರಾಫಿಕ್ಸ್ ಚಿಪ್ಪೇ ಪರದೆಯ ಮೇಲೆ ಬೇರೊಂದು ಪದರವಾಗಿ ಬಿಡಿಸುತ್ತದೆ. ಉಳಿದ ಪರದೆ ಸ್ವಚ್ಛವಾಗಿದ್ದು ಬಾಣ ಮಾತ್ರ ಕೆಟ್ಟಿದ್ದರೆ ಅನುಮಾನ ಪಡಬೇಕಾದ್ದು ಗ್ರಾಫಿಕ್ಸ್ ಡ್ರೈವರ್ ಮೇಲೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡ್ತಿದ್ದರೆ ಮೊದಲು ಸೇವ್ ಮಾಡಿ. ವಿಂಡೋಸ್ 10 ಅಥವಾ 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕೂ ಕೀ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಗಾಬರಿ ಬೇಡ. ಡ್ರೈವರ್ ಹೊಸದಾಗಿ ಶುರುವಾಗ್ತಿದೆ, ಅಷ್ಟೆ.

ಆ ಚೌಕ ಮತ್ತೆ ಮತ್ತೆ ಬರ್ತಿದೆಯಾ? ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್, ಅದರಲ್ಲಿ ಪಾಯಿಂಟರ್ ಆಪ್ಷನ್ಸ್. ಪಾಯಿಂಟರ್ ಟ್ರೇಲ್ಸ್‌ಗೆ ಟಿಕ್ ಹಾಕಿ, ಅದರ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಆಗ ಬಾಣ ಬಿಡಿಸುವ ಕೆಲಸ ಹೆಚ್ಚಾಗಿ ಚಿಪ್ಪಿನಿಂದ ವಿಂಡೋಸ್‌ಗೆ ಬರುತ್ತದೆ. ನನ್ನ ಮಟ್ಟಿಗೆ ಇದು ಅಂದಿನ ಕೆಲಸ ಮುಗಿಸೋಕೆ ಮಾತ್ರ. ಶಾಶ್ವತ ಪರಿಹಾರ ಬೇಕೆಂದರೆ ಕಂಪ್ಯೂಟರ್ ಕಂಪನಿಯ ವೆಬ್‌ಸೈಟಿನಿಂದಲೇ ಸರಿಯಾದ ಡ್ರೈವರ್ ಹಾಕಿ. ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಒತ್ತಿ.

ಬಾಣ ಚೆನ್ನಾಗಿದ್ದು ಸುಮ್ಮನೆ ಜಿಗಿದಾಡುತ್ತಿದ್ದರೆ ವಿಷಯ ಬೇರೆ. ಗಾಜಿನ ಮೇಜಿನ ಮೇಲೆ ಮೌಸಿನ ಸೆನ್ಸರ್ ತಡವರಿಸುತ್ತದೆ. ಕೆಳಗೊಂದು ಬಿಳಿ ಹಾಳೆ ಇಡಿ.

ಇಡೀ ಪರದೆಯಲ್ಲೇ ಗೆರೆ ಬಂದರೆ ಮೊದಲು ಮಾನಿಟರ್ ಕೇಬಲ್ ಬಿಚ್ಚಿ ಮತ್ತೆ ಹಾಕಿ. ಆಮೇಲೂ ಹೋಗದಿದ್ದರೆ ರಿಪೇರಿಯವರಿಗೆ ಗ್ರಾಫಿಕ್ಸ್ ಕಾರ್ಡ್ ತೋರಿಸಿ.