ಬಣ್ಣದಿಂದ ಬಂದ ಸಯನೈಡ್

ಉಪ್ಪಿನ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಐಎನ್‌ಎಸ್ 536’ ಎಂದು ಅಚ್ಚಾಗಿರುವುದುಂಟು. ಅದು ಪೊಟ್ಯಾಸಿಯಂ ಫೆರೋಸಯನೈಡ್. ಉಪ್ಪು ಗಂಟುಕಟ್ಟದಿರಲೆಂದು ಅದನ್ನು ತೀರ ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಹೆಸರಿನ ಬಾಲ ಓದಿ ಗಾಬರಿಯಾಗುವವರಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಂತೂ ಈ ಗಾಬರಿಗೆ ಬಿಡುವೇ ಇಲ್ಲ. ಆದರೆ ಆ ಬಾಲ ಹುಟ್ಟಿದ್ದು ವಿಷದಿಂದಲ್ಲ, ಬಣ್ಣದಿಂದ.

18ನೇ ಶತಮಾನದ ಆರಂಭದ ಬರ್ಲಿನ್. ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೊಚಿನೀಲ್ ಕೀಟದ ರಸಕ್ಕೆ ಪಟಿಕ, ಕಬ್ಬಿಣದ ಸಲ್ಫೇಟ್ ಸೇರಿಸಿ, ಪೊಟ್ಯಾಷ್ ಹಾಕಿ ಕೆಂಪು ಬಣ್ಣ ಇಳಿಸಲು ಹೊರಟಿದ್ದ. ಪೊಟ್ಯಾಷನ್ನು ಡಿಪೆಲ್ ಎಂಬ ರಸವಾದಿಯಿಂದ ತಂದಿದ್ದ. ಪ್ರಾಣಿಗಳ ರಕ್ತದಿಂದ ಎಣ್ಣೆ ತೆಗೆಯಲು ಬಳಸಿ ಮಿಕ್ಕಿದ್ದ ಮಾಲು ಅದು. ಕೆಂಪಿನ ಬದಲು ಗಾಢ ನೀಲಿ ಕೂತಿತು. ಈ ಕಥೆಯನ್ನು 1731ರಲ್ಲಿ ಬರೆದಿಟ್ಟವನು ರಸಾಯನಜ್ಞ ಷ್ಟಾಲ್. ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದ ದುಬಾರಿ ನೀಲಿಗೆ ಕಾಸು ಹೊಂದಿಸಲಾಗದ ಚಿತ್ರಕಾರರಿಗೆ ‘ಪ್ರಷ್ಯನ್ ನೀಲಿ’ ವರವಾಯಿತು.

ಅದರೊಳಗೇನಿದೆ ಎಂದು ತಿಳಿಯಲು ದಶಕಗಳೇ ಬೇಕಾದವು. 1752ರಲ್ಲಿ ಫ್ರಾನ್ಸಿನ ಮಾಕೇರ್ ಅದನ್ನು ಕ್ಷಾರದೊಡನೆ ಕುದಿಸಿದ. ನೀಲಿ ಮಾಯವಾಗಿ, ಕಬ್ಬಿಣ ತುಕ್ಕಿನ ಬಣ್ಣದಲ್ಲಿ ತಳಕ್ಕಿಳಿಯಿತು. ಮೇಲಿನ ತಿಳಿಯನ್ನು ಬತ್ತಿಸಿದರೆ ಹಳದಿ ಹರಳು. ವ್ಯಾಪಾರಿಗಳ ಬಾಯಲ್ಲಿ ಇದು ಪೊಟ್ಯಾಷಿನ ‘ಹಳದಿ ಪ್ರಸಿಯೇಟ್’ ಆಯಿತು. ಪ್ರಷ್ಯಾ ದೇಶದ ಹೆಸರು ಲವಣಕ್ಕೂ ಅಂಟಿತು. 1782ರಲ್ಲಿ ಸ್ವೀಡನ್ನಿನ ಶೀಲೆ ಪ್ರಷ್ಯನ್ ನೀಲಿಯನ್ನು ಆಮ್ಲದೊಡನೆ ಕಾಯಿಸಿ ಪ್ರಸ್ಸಿಕ್ ಆಮ್ಲ ಪಡೆದ. ವಿಷ ಕಾಣಿಸಿಕೊಂಡದ್ದು ಇಲ್ಲಿ.

1815ರಲ್ಲಿ ಗೇ-ಲುಸಾಕ್ ಆ ಆಮ್ಲದ ಮೂಲದಲ್ಲಿದ್ದ ಇಂಗಾಲ-ನೈಟ್ರೋಜನ್ ಜೋಡಿಗೆ ‘ಸಯನೋಜೆನ್’ ಎಂದ. ಗ್ರೀಕಿನ ‘ಕ್ಯಾನೋಸ್’ ಎಂದರೆ ಕಡುನೀಲಿ. ಸಯನೋಜೆನ್ ಎಂದರೆ ನೀಲಿಯನ್ನು ಹುಟ್ಟಿಸುವುದು. ಅದೋ ಬಣ್ಣವೇ ಇಲ್ಲದ ಅನಿಲ!

ಲ್ಯಾಟಿನ್‌ನಲ್ಲಿ ಕಬ್ಬಿಣಕ್ಕೆ ‘ಫೆರಮ್’. ಹಳದಿ ಲವಣದಲ್ಲಿ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡಿದೆ, ಅದು ಫೆರೋಸಯನೈಡ್. 1822ರಲ್ಲಿ ಗ್ಮೇಲಿನ್ ಹಳದಿಗೆ ಕ್ಲೋರಿನ್ ಹಾಯಿಸಿ ಕೆಂಪು ಹರಳು ಮಾಡಿದ. ಅದರಲ್ಲಿ ಮೂರು ಹೋಗಿವೆ, ಅದು ಫೆರಿಸಯನೈಡ್. ಎರಡರಲ್ಲೂ ಒಂದು ಕಬ್ಬಿಣದ ಸುತ್ತ ಆರು ಸಯನೈಡ್. ಫೆರೋಸಯನೈಡಿನಲ್ಲಿ ಈ ಹಿಡಿತ ಎಷ್ಟು ಬಿಗಿಯೆಂದರೆ, ಉಪ್ಪಿನ ಜೊತೆ ಹೊಟ್ಟೆಗೆ ಹೋದರೂ ಸಯನೈಡ್ ಬಿಡಿಸಿಕೊಂಡು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಶೀಲೆಯಂತೆ ಆಮ್ಲ ಹಾಕಿ ಕಾಯಿಸಿದರೆ ಮಾತ್ರ ಮಾತು ಬೇರೆ.

ಪ್ರಷ್ಯನ್ ನೀಲಿ ಮದ್ದೂ ಹೌದು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ವಿಕಿರಣಶೀಲ ಸೀಸಿಯಂ-137 ಗುಜರಿಯವರ ಕೈಸೇರಿತು. ಸೀಸಿಯಂ ಮೈಸೇರಿದವರಿಗೆ ವೈದ್ಯರು ನುಂಗಿಸಿದ್ದು ಇದನ್ನೇ. ಇದರ ಹರಳಿನ ಜಾಲ ಕರುಳಿನಲ್ಲಿ ಸೀಸಿಯಂ ಅನ್ನು ಹಿಡಿದು ಮಲದೊಡನೆ ಹೊರಗೆ ಸಾಗಿಸುತ್ತದೆ.